ಅಜ್ಜಿ ಉಟ್ಟ ಸೀರೆ

ಕೇಳಿ ಮಿತ್ರರೇ, ಇಂದು ಅರಕಲಗೂಡಿನ ಬೀಗರ ಮನೆಯಲ್ಲಿ ನಮ್ಮ ಪುಟ್ಟ ಮೊಮ್ಮಗಳು ಅತ್ತ ಅಬ್ಬರಕ್ಕೆ ಹೆಂಚು ಹಾರದೆ ಉಳಿದದ್ದೇ ಪುಣ್ಯ! ಬಾಣಂತನ ಮುಗಿಸಿ ತಾಯಿ-ಮಗುವನ್ನು ಬಿಡಲು ಹೊಳೆನರಸೀಪುರದಿಂದ ಹೋಗಿದ್ದೆವು. ಮಗಳು ಟೀಚರು, ನಾಳೆಯಿಂದ ಶಾಲೆಗೆ ಹೋಗಬೇಕು. ಹಗಲೆಲ್ಲ ಮಗು ಬೀಗಿತ್ತಿಯ ಬಳಿಯೇ ಇರಬೇಕು. ಅದೋ, ಅವರು ಎತ್ತಿಕೊಂಡರೆ ಬಿಲ್ಲಿನಂತೆ ಬಾಗಿ ಚೀರುತ್ತದೆ!

ನಾಟಕದಲ್ಲಿ ಪಳಗಿದ ಕಂಠದಲ್ಲಿ ನಾನು ಜೋಗುಳ ಹಾಡಿದೆ. ಅಳು ಇಮ್ಮಡಿಯಾಯಿತು. ನನ್ನ ಹೆಂಡತಿ ತನ್ನ ಹಳೆಯ ಸೀರೆಯಲ್ಲಿ ಜೋಲಿ ಕಟ್ಟಿದಳು. ನಮ್ಮ ಮನೆಯಲ್ಲಿ ಮಗು ನಿದ್ರಿಸುತ್ತಿದ್ದುದು ಅದರಲ್ಲೇ. ಇಲ್ಲಿ ಅದೂ ನಡೆಯಲಿಲ್ಲ.

"ಸೋಪಾಕಿ ಒಗ್ದ್ಬುಟ್ಟೆ ಕಣ್ರೀ," ಎಂದು ಹೆಂಡತಿ ತಲೆ ಚಚ್ಚಿಕೊಂಡಳು. "ಬೀಗರ ಮನೆಗೆ ಕೊಳೆ ಸೀರೆ ತರಕಾಯ್ತದಾ?"

"ನನ್ ಮೊಮ್ಮಗ್ಳೇ ನನ್ನ ಬ್ಯಾಡ ಅಂತಾಳಲ್ಲಕ್ಕಾ!" ಬೀಗಿತ್ತಿಯ ಕಣ್ಣು ತುಂಬಿತ್ತು. ಮರುಕ್ಷಣವೇ ಸೆಟೆದು ನಿಂತರು. "ಬನ್ನಿ ಒಳೀಕೆ. ಉಟ್ಟಿರೋ ಸೀರೆ ಬಿಚ್ಕೊಡಿ!"

ಹೊರಬಂದಾಗ ನನ್ನ ಹೆಂಡತಿಯ ಮೈಮೇಲೆ ಬೀಗಿತ್ತಿಯ ರೇಷ್ಮೆ, ಬೀಗಿತ್ತಿಯ ಮೈಮೇಲೆ ಬೆವರು, ಒಗ್ಗರಣೆ, ಹರಳೆಣ್ಣೆ ಘಮಿಸುವ ನಮ್ಮ ನೂಲಿನ ಸೀರೆ!

ಅವರು ಮಗುವನ್ನು ಎತ್ತಿಕೊಂಡರು. ಅದು ಆ ಮುಖವನ್ನು ಗುಮಾನಿಯಿಂದ ನೋಡಿತು. ಹೆಗಲಿಗೆ ಮೂಗು ಒತ್ತಿತು. ಬಿಕ್ಕು ನಿಂತಿತು. ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿತು! ಆಹಾ! ಮಾತೇ ಬಾರದ ಜೀವ ತನ್ನವರನ್ನು ಉಸಿರಿನಲ್ಲಿ ಬರೆದಿಟ್ಟುಕೊಂಡಿತ್ತು. 

"ಅಕ್ಕಾ," ಬೀಗಿತ್ತಿ ಪಿಸುಗುಟ್ಟಿದರು, "ಇನ್ನೆರಡು ಸೀರೆ ಉಟ್ಟು ಕಳ್ಸಿ. ಒಗ್ದ್‌ಗಿಗ್ದ್ ಬುಟ್ಟೀರ!"

ಕೊಳೆ ಬಟ್ಟೆ ಕೊಟ್ಟು ಬೀಗರಿಂದ ಭೇಷ್ ಎನ್ನಿಸಿಕೊಂಡವರು ಜಿಲ್ಲೆಯಲ್ಲಿ ನಾವೇ ಮೊದಲಿರಬೇಕು!