ಅತ್ತಿಗೆಯ ಸುವರ್ಣಗಡ್ಡೆ ಹೂ ಬಿಟ್ಟಿತು

ಹೂವಿನ ಹಿಪ್ಪರಗಿಯ ನಮ್ಮ ಮನೆಗೆ ಸೊಸೆಯಾಗಿ ಬಂದ ಕಸ್ತೂರೆವ್ವ ಅತ್ತಿಗೆಗೆ ಗಿಡಗಳ ಹುಚ್ಚು. ಹಿತ್ತಲ ತುಂಬ ಮಲ್ಲಿಗೆ, ಸೇವಂತಿಗೆ ಬೆಳೆಸಿದಳು. ಆದರೆ ಒಂದನ್ನೂ ಮೂಸುವ ಹಾಗಿಲ್ಲ. ಮೂಸಿದ ಹೂವು ಲಿಂಗಪೂಜೆಗೆ ಬಾರದು ಎಂಬುದು ನಮ್ಮವ್ವ ಸಿದ್ದವ್ವನ ಕಟ್ಟಪ್ಪಣೆ. ನೀರು ಹೊರುವವಳು ಇವಳು, ಪರಿಮಳ ದೇವರಿಗೆ, ಬಾಡಿದ ಮೇಲೆ ಇವಳ ತುರುಬಿಗೆ! ನನಗೆ ಆಗಲೂ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ.

ಕಾರವಾರದ ಕಡೆ ಬಸ್ಸು ಓಡಿಸುತ್ತಿದ್ದ ಅವಳ ಅಣ್ಣ ಪಲ್ಯಕ್ಕೆಂದು ಒಂದು ಸುವರ್ಣಗಡ್ಡೆ ತಂದುಕೊಟ್ಟ. ನಮ್ಮ ಓಣಿಯಲ್ಲಿ ಅದನ್ನು ಕಂಡವರಿರಲಿಲ್ಲ. ಅತ್ತಿಗೆ ಅದನ್ನು ಕುದಿಸದೆ ಹಿತ್ತಲಲ್ಲಿ ಹೂಳಿದಳು. ಪ್ರತಿ ಮಳೆಗಾಲಕ್ಕೆ ಒಂದೇ ಒಂದು ಎಲೆ ಎದ್ದು, ಕೊಡೆಯಂತೆ ಬಿಚ್ಚಿಕೊಂಡು ನಿಂತು, ಚಳಿಗಾಲಕ್ಕೆ ಒಣಗಿ ಹೋಗುತ್ತಿತ್ತು. ಎಪ್ಪತ್ತಾರನೆಯ ಇಸವಿಯಲ್ಲಿ ಮಾತ್ರ ಎಲೆಯೇ ಇಲ್ಲದೆ ನೆಲದಿಂದ ನೇರ ದಪ್ಪನೆಯ ಮೊಗ್ಗು ಬಂತು.

ಅವ್ವನಿಗೆ ಆ ಜಾಗದಲ್ಲಿ ಎಮ್ಮೆಯ ಕೊಟ್ಟಿಗೆ ಬೇಕಿತ್ತು. “ಹಿತ್ತಲಾ ಖಾಲಿ ಮಾಡು. ನಿನ್ನ ಗಿಡದಿಂದ ಹಾಲು ಕರಿಯಾಕ ಆಗ್ತೈತೇನು?” ಎಂದಳು.

“ಅಯ್ಯಾರ ಪಾದಪೂಜಿಗೆ ಈ ಹೂ ಏರಸ್ತೇನ್ರಿ ಅತ್ತಿ. ಅವರು ಮೆಚ್ಚಲಿಲ್ಲಂದ್ರ ಎಮ್ಮಿ ಗೂಟಾ ಬಡಸ್ರಿ,” ಎಂದಳು ಅತ್ತಿಗೆ.

ಮಠದ ಅಯ್ಯನವರನ್ನು ಮನೆಗೆ ಕರೆಸಿ ಮಾಡುವ ಆ ಪಾದಪೂಜೆಯ ಹಿಂದಿನ ಸಂಜೆ ಹೂ ಅರಳಿತು. ಬೋಗುಣಿಯಷ್ಟು ಅಗಲ, ಕಂದು ನೇರಳೆ ಬಣ್ಣದ ನೆರಿಗೆ ನೆರಿಗೆ, ನಡುವೆ ಸುಕ್ಕುಗಟ್ಟಿದ ಗುಂಡು. ಯಾರೂ ಮೂಸಬಾರದೆಂದು ಅತ್ತಿಗೆ ಸುತ್ತ ಹಳೆ ಸೀರೆ ಕಟ್ಟಿದಳು. ಅಷ್ಟರಲ್ಲಿ ಮನೆಯೆಲ್ಲ ಹೆಣದ ನಾತ. ಇಲಿ ಸತ್ತಿದೆಯೆಂದು ನಮ್ಮಣ್ಣ ಗುರುಲಿಂಗಪ್ಪ ಜೋಳದ ಚೀಲಗಳನ್ನೆಲ್ಲ ಹೊರಗೆಳೆದ. “ನಮ್ಮ ಮನ್ಯಾಗೂ ಹುಡಿಕೇವಿ ಯವ್ವಾ, ಏನೂ ಇಲ್ಲ,” ಎಂದಳು ಪಕ್ಕದ ಮನೆಯ ರಹಿಮಾಬಿ. ಬಗಲಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ದೇವರ ಹೂವಿನ ಹತ್ತಿರ ಮಾತ್ರ ಯಾರೂ ಮೂಗು ಒಯ್ಯಲಿಲ್ಲ.

ಬೆಳಿಗ್ಗೆ ಅತ್ತಿಗೆ ತಾನೂ ಮೂಸಬಾರದೆಂದು ಉಸಿರು ಬಿಗಿಹಿಡಿದು ಹೂ ಕೊಯ್ದು ತಾಟಿನಲ್ಲಿ ತಂದಳು. ಹಿಂದೆಯೇ ನೊಣಗಳ ದಂಡು ಬಂತು. ಅಯ್ಯನವರು ಶಾಲು ಮೂಗಿಗೊತ್ತಿ, “ಮೊದಲ ಅದನ್ನ ಆಚಿ ಒಯ್ರಿ!” ಎಂದು ಕೂಗಿದರು.

ಹೂವಿನ ತಪ್ಪೇನು? ಕೊಳೆತ ಮಾಂಸದ ನಾತ ಬೀರಿ ನೊಣ, ಜೀರುಂಡೆಗಳನ್ನು ಕರೆಯುವುದೇ ಅದರ ಕಸುಬು. ಅವು ಪರಾಗ ಹೊತ್ತರೆ ಮಾತ್ರ ಅದು ಕಾಯಿ ಕಟ್ಟುತ್ತದೆ. ಒಬ್ಬರಾದರೂ ಮೊದಲೇ ಮೂಸಿದ್ದರೆ ಹಿತ್ತಲು ಉಳಿಯುತ್ತಿತ್ತಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತದೆ.

ಮಧ್ಯಾಹ್ನವೇ ಮಲ್ಲಿಗೆ ಬಳ್ಳಿ ಕಿತ್ತು ಗೂಟ ಬಡಿಯತೊಡಗಿದರು. ಆಚೆ ಬಿಸಾಡಿದ್ದ ಆ ಹೂವನ್ನು ಅತ್ತಿಗೆ ಮಡಿಲಿಗೆ ಹಾಕಿಕೊಂಡು, ಮುಖ ಹುದುಗಿಸಿ, ಉಸಿರು ತುಂಬ ಎಳೆದುಕೊಂಡಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

“ಏ ಹುಚ್ಚಿ, ಏನು ಮಾಡಾಕತ್ತಿ?” ಎಂದು ಅವ್ವ ಚೀರಿದಳು.

“ಮೂಸಾಕತ್ತೇನ್ರಿ ಅತ್ತಿ,” ಎಂದಳು ಅತ್ತಿಗೆ. “ದೇವರು ಒಲ್ಲೆ ಅಂದದ್ದು ಇದೊಂದಾ ಹೂ. ಇದಾದ್ರೂ ನಂದಾಗ್ಲಿ ಬಿಡ್ರಿ.”