ಗಾಜಿನ ತೊಟ್ಟಿಯ ಮಾಸ್ತರರು

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಸದಾ ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಉಗುರನ್ನು ಮಾಂಸ ಕಾಣುವಷ್ಟು ಕತ್ತರಿಸಿಕೊಳ್ಳುತ್ತಿದ್ದರು. ಉಗುರು ತಾಗಿದರೆ ಎಲೆ ಹರಿಯುತ್ತದಲ್ಲ, ಅದಕ್ಕೆ.

ಲಕ್ಷ್ಮೇಶ್ವರದ ನಮ್ಮ ಶಾಲೆಯಲ್ಲಿ ಅವರು ವಿಜ್ಞಾನದ ಮಾಸ್ತರರು. ನಾನು ಕನ್ನಡ ಕಲಿಸಲು ಆಗಷ್ಟೇ ಸೇರಿದ ಇಪ್ಪತ್ತೆರಡರ ಹುಂಬ. ಸ್ವಾತಂತ್ರ್ಯ ಬಂದು, ಸಂಸ್ಥಾನದ ಆಳ್ವಿಕೆ ಮುಗಿದು, ಊರು ಮುಂಬಯಿ ಸರಕಾರಕ್ಕೆ ಸೇರಿದ ಹೊಸತು. ಮೆಟ್ರಿಕ್ ತನಕ ವಿಜ್ಞಾನ ಕಲಿಸಲು ಪರವಾನಗಿ ಬೇಕಿತ್ತು. ಸಿಗದಿದ್ದರೆ ಹುಡುಗರು ಗದಗಿಗೆ ಹೋಗಬೇಕು. ಹೋಗಲಾರದವರು ವಿಜ್ಞಾನವನ್ನೇ ಬಿಡಬೇಕು. ಪ್ರಯೋಗಶಾಲೆ ಎಂದು ತೋರಿಸಲು ನಮ್ಮಲ್ಲಿದ್ದದ್ದು ಮಾಸ್ತರರು ತಾವೇ ಕೂಡಿಸಿದ ಒಂದು ಗಾಜಿನ ತೊಟ್ಟಿ, ಅದರೊಳಗೆ ಮಾಗಡಿ ಕೆರೆಯಿಂದ ತಂದ ನೀರುಗಿಡಗಳು ಮತ್ತು ಹತ್ತಾರು ಸಣ್ಣ ಮೀನು. ಹುಡುಗರನ್ನು ಅದರ ಮುಂದೆ ಕೂರಿಸಿ, "ಕಂಡಿದ್ದು ಬರೀರಿ, ಅಂದಾಜು ಬರೀಬ್ಯಾಡ್ರಿ" ಎನ್ನುತ್ತಿದ್ದರು.

ಆ ಗಿಡಗಳಿಗೆ ಕಂದು ಪಾಚಿ ಹತ್ತುತ್ತಿತ್ತು, ಚಹದ ಬಟ್ಟಲಿನ ತಳದ ಕರೆಯ ಹಾಗೆ. ಮಾಸ್ತರರು ದಿನವೂ ಪ್ರಾರ್ಥನೆಗೆ ಮುಂಚೆಯೇ ಬಂದು, ಅಂಗಿಯ ತೋಳು ಮಡಚಿ, ಒಂದೊಂದೇ ಎಲೆಯನ್ನು ಎರಡು ಬೆರಳ ನಡುವೆ ಹಿಡಿದು ಒರೆಸುತ್ತಿದ್ದರು. ಒಂದಿಷ್ಟು ನೀರು ತೆಗೆದು ಹೊಸದು ಹಾಕುತ್ತಿದ್ದರು.

"ಎಮ್ಮಿ ಮೈ ತಿಕ್ಕಿದಂಗ ತಿಕ್ಕತೀರಲ್ರಿ ಮಾಸ್ತರ" ಎಂದು ನಾನು ಛೇಡಿಸುತ್ತಿದ್ದೆ.

"ಎಮ್ಮಿ ಆದ್ರ ಒದ್ದು ಹೇಳತೈತಿ. ಎಲಿ ಹೇಳಂಗಿಲ್ಲ, ನಾವೇ ನೋಡಬೇಕು" ಎನ್ನುತ್ತಿದ್ದರು. "ಬೆಳಕು ಕಡಿಮಿ ಇದ್ದಲ್ಲಿ ಇದು ಬರತೈತಿ. ಕಿಟಕಿ ಕಡೆ ಸರಸಬೇಕು, ದಿನಾ ಒರಸಬೇಕು. ಬ್ಯಾರೆ ಔಷಧ ಇಲ್ರಿ."

ಪರವಾನಗಿಗಾಗಿ ಶಿಕ್ಷಣ ಖಾತೆಯ ಸಾಹೇಬರು ತಪಾಸಣೆಗೆ ಬರಲು ನಾಲ್ಕು ದಿನ ಇರುವಾಗ ಮಾಸ್ತರರಿಗೆ ಚಳಿಜ್ವರ ಬಂತು. ನಡುಗುತ್ತಲೇ ತೊಟ್ಟಿಯ ನೀರು ಬದಲಿಸಿ, "ಎಲಿ ಅಷ್ಟ ಒರಸ್ರಿ. ಏನೂ ಹಾಕಬ್ಯಾಡ್ರಿ" ಎಂದು ನನಗೆ ಒಪ್ಪಿಸಿ ಮನೆಗೆ ಹೋದರು.

ಮೊದಲ ದಿನ ಒರೆಸಿದೆ. ಹತ್ತು ಎಲೆಗೇ ಬೇಸರ ಬಂತು. ಶಿಗ್ಲಿಯಲ್ಲಿ ನಮ್ಮದು ವೀಳ್ಯದೆಲೆಯ ತೋಟ. ಎಲೆಗೆ ಚುಕ್ಕೆ ಬಿದ್ದರೆ ಅಪ್ಪ ಮೈಲುತುತ್ತದ ನೀಲಿ ಪುಡಿ ನೀರಿಗೆ ಕಲಸಿ ಹೊಡೆಯುತ್ತಿದ್ದ. ಎಲೆ ಎಂದರೆ ಎಲೆಯೇ ಅಲ್ಲವೇ ಎಂದುಕೊಂಡು ಮನೆಯಿಂದ ಒಂದು ಚಿಟಿಕೆ ಮೈಲುತುತ್ತ ತಂದು ತೊಟ್ಟಿಗೆ ಹಾಕಿದೆ. ಮರುದಿನ ಕಂದು ಬಣ್ಣ ಮಾಸಿತ್ತು, ನಾನು ಬೀಗಿದೆ. ಸಾಹೇಬರು ಬರುವ ದಿನ ಬೆಳಿಗ್ಗೆ ನೋಡಿದರೆ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಎಲೆಗಳು ಬೇಯಿಸಿದ ಸೊಪ್ಪಿನಂತೆ ಕರಗಿದ್ದವು.

ಮಾಸ್ತರರು ಕಂಬಳಿ ಹೊದ್ದೇ ಬಂದರು. ತೊಟ್ಟಿಯ ನೀರನ್ನು ಬೊಗಸೆಯಲ್ಲೆತ್ತಿ ಮೂಸಿ ನೋಡಿದರು.

"ಇದನ್ನ ಯಾರು ನೋಡಿಕೊಳ್ಳತಾರ?" ಎಂದರು ಸಾಹೇಬರು.

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

"ನಾನರಿ. ತಪ್ಪು ನಂದರಿ" ಎಂದರು ಮಾಸ್ತರರು.

"ಮೀನ ಕಾಯಲಾರದವರ ಕೈಯಾಗ ಬೆಂಕಿ, ಮೈ ಸುಡೂ ತೇಜಾಬು ಕೊಟ್ಟು ಹುಡುಗರನ್ನ ಹ್ಯಾಂಗ ಒಪ್ಪಸೂದು?" ಎಂದು ಸಾಹೇಬರು ಎದ್ದರು. ಪರವಾನಗಿ ಬರಲಿಲ್ಲ.

ನನ್ನನ್ನು ಉಳಿಸಲೆಂದೇ ಅವರು ತಪ್ಪನ್ನು ಮೈಮೇಲೆ ಹಾಕಿಕೊಂಡರೆಂದು ನಂಬಿದೆ. ನಾಚಿಕೆಯಾಗಬೇಕಿತ್ತು, ಆದದ್ದು ನಿರಾಳ. ಆ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮರುವರ್ಷ ಅವರಿಗೆ ಮುಂಡರಗಿಗೆ ವರ್ಗವಾಯಿತು. ಅಲ್ಲಿ ಸಣ್ಣ ಹುಡುಗರಿಗೆ ಲೆಕ್ಕ ಕಲಿಸುತ್ತಿದ್ದಾರೆಂದು ಕೇಳಿದ್ದೆ. ಎಂಥ ದೊಡ್ಡ ಮನುಷ್ಯ ಎಂದು ಒಳಗೊಳಗೇ ಕೊಂಡಾಡುತ್ತ ನಾನು ಆರಾಮಾಗಿದ್ದೆ.

ರಾಜ್ಯ ಒಂದಾದ ವರ್ಷ ಅವರು ತೀರಿಕೊಂಡ ಖಬರು ಬಂತು. ಮುಂಡರಗಿಗೆ ಹೋಗಿ ಅವರ ಹೆಂಡತಿಯ ಮುಂದೆ ಕುಳಿತೆ.

"ಇಲ್ಲಿಗೆ ಬಂದ ಮ್ಯಾಲೆ ವಿಜ್ಞಾನದ ಪುಸ್ತಕ ಮುಟ್ಟಲಿಲ್ರಿ" ಎಂದರು ಆಕೆ. "ಜ್ವರದ ಗುಂಗಿನ್ಯಾಗ ಎಂಥಾ ನೀರು ಹಾಕಿದ್ನೋ, ನನ್ನ ಕೈಯಿಂದ ಅಷ್ಟು ಹುಡುಗರ ಕಲಿಯೂದು ಹಾಳಾತು ಅಂತಿದ್ರು. ಸಾಯೂತನಕ ಅದೇ ಕೊರಗು."

ಅವರು ನನ್ನನ್ನು ಉಳಿಸಿರಲಿಲ್ಲ. ತಪ್ಪು ತಮ್ಮದೇ ಎಂದು ಖರೆಯಾಗಿಯೂ ತಿಳಿದಿದ್ದರು. ಮೈಲುತುತ್ತದ ಸಂಗತಿಯನ್ನು ಆಕೆಗೆ ಹೇಳಿದೆ, ತೊದಲುತ್ತ, ಮೊದಲಿಂದ ಕೊನೆಯವರೆಗೆ.

ಆಕೆ ಸಿಟ್ಟಿಲ್ಲದ ದನಿಯಲ್ಲಿ, "ಏಳು ವರ್ಷ ಆತಲ್ರಿ. ಒಂದು ಕಾರ್ಡು ಹಾಕಿದ್ರ ಸಾಕಿತ್ತು" ಎಂದರು.