ಹಳೆಯದಾಗಬೇಕಿದ್ದ ಹೊಸ ಪಂಚೆ

ನನಗೆ ಬಂದ ಕೆಲಸಗಳಲ್ಲಿ ಮೈಗಳ್ಳತನ ಮಾಡದೆ ಪೂರೈಸಿದ್ದು ಒಂದೇ: ಹೊಸ ಪಂಚೆಯೊಂದನ್ನು ಹಳೆಯದು ಮಾಡುವುದು. ನಗಬೇಡಿ. ಪಂಚೆ ತಾನಾಗಿಯೇ ಹಳೆಯದಾಗುತ್ತದೆ ಎಂದು ನೀವು ತಿಳಿದಿದ್ದರೆ, ಗಣಿಯ ಭರಾಟೆಯ ಕಾಲದಲ್ಲಿ ನೀವು ಹೊಸಪೇಟೆಯಲ್ಲಿ ಇರಲಿಲ್ಲವೆಂದೇ ಅರ್ಥ.

ಈಗ ಬಟ್ಟೆ ತಯಾರಿಸುವವರು ಚಕ್ರೀಯ ಆರ್ಥಿಕತೆ ಎಂಬ ಮಾತಾಡುತ್ತಾರೆ. ಹೊಲಿಯುವ ಮೊದಲೇ ಬಟ್ಟೆಯ ಮುಂದಿನ ಜನ್ಮಗಳನ್ನು ಯೋಚಿಸಬೇಕಂತೆ, ಯಾವುದೂ ಕಸವಾಗಬಾರದಂತೆ. ಈ ಉಪನ್ಯಾಸವನ್ನು ನಾನು ಮೊದಲು ಕೇಳಿದ್ದು ಟೇಲರ್ ಅಂಗಡಿಯಲ್ಲಿ, ನಮ್ಮವ್ವನ ಬಾಯಿಂದ. "ಒಳಗ ನಾಕು ಬಟ್ಟು ಅರಿವಿ ಬಿಡಪ್ಪಾ, ಇವ ಇನ್ನಾ ದಪ್ಪ ಆಗಾಂವ ಅದಾನ" ಎಂದು ನನ್ನೆದುರಿಗೇ ಹೇಳುತ್ತಿದ್ದಳು. ನನ್ನ ಅಂಗಿ ಹರಿದ ಮೇಲೆ ಬೆನ್ನು ಕೌದಿ ಸೇರುತ್ತಿತ್ತು, ತೋಳು ದಿಂಬಿನೊಳಗೆ ಹೋಗುತ್ತಿತ್ತು, ಉಳಿದದ್ದು ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ. ಗುಂಡಿಗಳಿಗೆ ಬೇರೆಯೇ ಡಬ್ಬಿಯಿತ್ತು. ಒಮ್ಮೊಮ್ಮೆ ನಾನು ಊಟಕ್ಕೆ ಕೂತಾಗ ಅವ್ವ ನನ್ನನ್ನೇ ದಿಟ್ಟಿಸುತ್ತಿದ್ದಳು. ಮಗನನ್ನು ನೋಡುತ್ತಿದ್ದಾಳೋ ಮಸಿಬಟ್ಟೆಯನ್ನೋ ತಿಳಿಯುತ್ತಿರಲಿಲ್ಲ.

ಈ ಚಕ್ರ ಸಿಕ್ಕಿಹಾಕಿಕೊಂಡಿದ್ದು ತಂಗಿ ಸುಮಾ ಚೊಚ್ಚಲ ಹೆರಿಗೆಗೆ ಕಂಪ್ಲಿಯಿಂದ ತವರಿಗೆ ಬಂದಾಗ. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕುವಂತಿಲ್ಲ. ಬಳಸಿ ಬಳಸಿ ಮೆತ್ತಗಾದ ಬಿಳಿಯ ಹಳೆ ಪಂಚೆಯಲ್ಲೇ ಸುತ್ತಬೇಕು, ಅದೂ ತವರಿನದೇ ಆಗಿರಬೇಕು ಎಂಬುದು ನಮ್ಮವರ ಪದ್ಧತಿ. ಅವ್ವ ಟ್ರಂಕು ತೆಗೆದಳು. ಹಳೆಯದೆಲ್ಲ ಕೆಂಪು. ಸಂಡೂರಿನ ಗುಡ್ಡಗಳು ಕೆಂಪು ಅದಿರಾಗಿ ಲಾರಿ ಹತ್ತಿ ನಮ್ಮ ಮನೆಯ ಮುಂದೆಯೇ ಹೋಗುತ್ತಿದ್ದವು. ಹೋಗುವಾಗ ಒಣಹಾಕಿದ ಬಟ್ಟೆಗಳನ್ನೆಲ್ಲ ಮಾತಾಡಿಸಿಕೊಂಡೇ ಹೋಗುತ್ತಿದ್ದವು. ಸೋಪು, ಲಿಂಬೆಹಣ್ಣು, ಬೈಗುಳ, ಯಾವುದಕ್ಕೂ ಆ ಕೆಂಪು ಬಗ್ಗುತ್ತಿರಲಿಲ್ಲ.

ಹಳೆ ಬಟ್ಟೆ ಪಡೆದು ಸ್ಟೀಲ್ ಪಾತ್ರೆ ಕೊಡುವ ಹುಲಿಗೆಮ್ಮನನ್ನು ಕರೆದೆವು. ಈ ಸಲ ಪಾತ್ರೆ ನಾವು ಕೊಡುತ್ತೇವೆ, ಹಳೆಯ ಬಿಳಿ ಪಂಚೆ ನೀನು ಕೊಡು ಎಂದೆವು. ಆಕೆ ಬುಟ್ಟಿ ಇಳಿಸಿ, ನಮಗೇನಾದರೂ ಆಗಿದೆಯೋ ಎಂಬಂತೆ ಇಬ್ಬರ ಮುಖವನ್ನೂ ನೋಡಿದಳು. "ಈ ಊರಾಗ ಬಿಳೇದು ಹಳೇದಾಗಂಗಿಲ್ರೀ ಅವ್ವಾರ. ಹಳೇದಾಗೋದರಾಗ ಕೆಂಪಾಗಿರತೈತಿ" ಎಂದಳು.

ಸುಮಾಳ ಮುಖ ಬಾಡಿತು. ಅತ್ತೆಮನೆಯಿಂದ ಪಂಚೆ ತರಿಸಿದರೆ, ತವರಲ್ಲಿ ಒಂದು ತುಂಡು ಬಟ್ಟೆಗೂ ಗತಿಯಿರಲಿಲ್ಲವೇ ಎಂಬ ಮಾತನ್ನು ಅವಳು ಜೀವನವಿಡೀ ಕೇಳಬೇಕಿತ್ತು. ಅವ್ವ ಹೊಸ ಪಂಚೆಯೊಂದನ್ನು ನನ್ನ ಕೈಗಿಟ್ಟಳು. "ಉಟ್ಕೊಂಡು ಮನಿಯಾಗ ಉಳ್ಳಾಡು. ಹೊಸ್ತಿಲ ದಾಟಬ್ಯಾಡ."

ಅಂದಿನಿಂದ ಆಫೀಸು ಮುಗಿಸಿ ಬಂದು, ಮೈ ತೊಳೆದು ಪಂಚೆ ಉಟ್ಟರೆ ಆಯಿತು, ಕಿಟಕಿ ಮುಚ್ಚಿಕೊಂಡು ಕೂರುವುದು, ಏಳುವುದು, ಹೊರಳಾಡುವುದು. ಅವ್ವ ದಿನಾ ಅದನ್ನು ಬಚ್ಚಲಲ್ಲಿ ಕುಕ್ಕಿ, ಅಡುಗೆಮನೆಯೊಳಗೇ ಒಣಗಿಸಿ, ಕೆನ್ನೆಗೆ ಒತ್ತಿ ನೋಡುವಳು. "ಇನ್ನಾ ಬಿರುಸೈತಿ. ನೀ ಸರಿಯಾಗಿ ಕುಂದ್ರವಲ್ಲಿ." ಕೂರುವುದರಲ್ಲೂ ಮನುಷ್ಯ ಫೇಲಾಗಬಹುದೆಂದು ನನಗೆ ಗೊತ್ತಿರಲಿಲ್ಲ.

ಆ ಕಾಲಕ್ಕೆ ನಮ್ಮೂರಲ್ಲಿ ಶುಭ್ರ ಬಿಳಿ ಉಟ್ಟು, ಧೂಳಿಗೆ ಇಳಿಯದೆ ಸುಮ್ಮನೆ ಕೂರಬಲ್ಲವನು ಗಣಿ ಮಾಲೀಕ ಮಾತ್ರ. ಕಿಟಕಿಯ ಸಂದಿಯಿಂದ ನನ್ನನ್ನು ಕಂಡ ಹುಲಿಗೆಮ್ಮ ಪಾತ್ರೆಯ ಜೊತೆಗೆ ನಾನೂ ಗಣಿ ಹಿಡಿದೆನೆಂಬ ಸುದ್ದಿಯನ್ನೂ ಮನೆಮನೆಗೆ ಹಂಚಿದಳು. ಲಾರಿ ಬಾಡಿಗೆಗೆ ಬಿಡುವವರು ಪೇಡೆ ಹಿಡಿದು ಬಂದು ನಮ್ಮ ಕಟ್ಟೆಯ ಮೇಲೆ ಕೂತರು. "ಸಾಹುಕಾರ್ರ, ಗುಡ್ಡ ಎಲ್ಲಿ ಹಿಡದೀರಿ?" ಎಂದು ಬಾಗಿಲ ಆಚೆಯಿಂದ ಕೇಳಿದರು. ಹೊರಗೆ ಹೋಗಿ ಹೇಳೋಣವೆಂದರೆ ಧೂಳು. ಒಳಗಿನಿಂದಲೇ ನನ್ನ ಹತ್ತಿರ ಯಾವ ಗುಡ್ಡವೂ ಇಲ್ಲ ಎಂದೆ. ಇದ್ದವರೇ ಹೀಗೆ ಇಲ್ಲವೆನ್ನುವುದು ಎಂದುಕೊಂಡರು, ಅವರ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಮರುದಿನ ಇನ್ನೂ ನಾಲ್ಕು ಜನ ಬಂದರು.

ಒಂದು ಭಾನುವಾರ ಬೆಳಿಗ್ಗೆ ಸುಮಾಗೆ ನೋವು ಶುರುವಾಯಿತು. ಆಟೋ ತರಲು ನಾನು ಬಾಗಿಲಿಗೆ ಹಾರಿದೆ. ಮಗಳ ಕೈ ಹಿಡಿದು ಕೂತಿದ್ದ ಅವ್ವ ಕೂತಲ್ಲಿಂದಲೇ ಹೇಳಿದಳು: "ಪಂಚಿ ಬಿಚ್ಚಿಟ್ಟು ಹೋಗೋ." ಬೇರೆ ಉಡಲು ಪುರುಸೊತ್ತೆಲ್ಲಿ? ಪಟ್ಟೆಪಟ್ಟೆ ಚಡ್ಡಿಯಲ್ಲೇ ಪೇಡೆಯವರನ್ನು ದಾಟಿ ರಸ್ತೆಗೆ ಓಡಿ, ಅದಿರಿನ ಲಾರಿಗಳ ಸಾಲಿನಲ್ಲಿ ಕೈ ಬೀಸಿ ಆಟೋ ನಿಲ್ಲಿಸಿದೆ. ತಿರುಗಿ ಬರುವಷ್ಟರಲ್ಲಿ ಕಟ್ಟೆ ಖಾಲಿಯಾಗಿತ್ತು. ಪೇಡೆಯ ಡಬ್ಬಿಯನ್ನೂ ಒಯ್ದಿದ್ದರು.

ಹೆಣ್ಣು ಕೂಸು. ಆಸ್ಪತ್ರೆಯಲ್ಲಿ ಅವ್ವ ಪಂಚೆಯ ತುಂಡಿನಲ್ಲಿ ಅದನ್ನು ಸುತ್ತಿ ಸುಮಾಳ ಮಗ್ಗುಲಲ್ಲಿ ಮಲಗಿಸಿದಳು. ಕಂಪ್ಲಿಯಿಂದ ಬಂದ ಬೀಗಿತ್ತಿ ಬಟ್ಟೆಯನ್ನು ಬೆರಳಲ್ಲಿ ಹೊಸೆದು ನೋಡಿದರು.

"ಭಾಳ ಮೆತ್ತಗೈತಿ. ಎಷ್ಟು ಹಳೇದ್ರೀ ಇದು?"

"ಇವರಜ್ಜನ ಕಾಲದ್ದು" ಎಂದಳು ಅವ್ವ, ನನ್ನ ಕಡೆ ತಿರುಗದೆ. ಬೀಗಿತ್ತಿ ತೃಪ್ತಿಯಿಂದ ತಲೆಯಾಡಿಸಿದರು. ನನ್ನ ಕಣ್ಣು ತುಂಬಿ ಬಂತು. ಜೀವನದಲ್ಲಿ ಮೊದಲ ಸಲ ನಾನು ಸರಿಯಾಗಿ ಕೂತಿದ್ದೆ.

ಕೂಸು ಆ ಬಟ್ಟೆಯನ್ನು ಕೂಡಲೇ ಒದ್ದೆ ಮಾಡಿತು. ಮನೆಗೆ ಬಂದ ಮೇಲೆ ಅವ್ವ ಅದನ್ನು ಒಗೆದು, ಮೈಮರೆತು ಅಂಗಳದ ಹಗ್ಗಕ್ಕೇ ಹಾಕಿಬಿಟ್ಟಳು. ಸಂಜೆಗೆ ತೆಗೆದಾಗ ಸಂಡೂರಿನ ಗುಡ್ಡ ಅದರ ಮೇಲೆ ಬಂದು ಕೂತಿತ್ತು. ಅವ್ವನೂ ನಾನೂ ಮುಖಮುಖ ನೋಡಿಕೊಂಡೆವು. ಸುಮಾ ಅದನ್ನು ಎರಡು ಸಲ ಕೊಡವಿ ಮಗಳಿಗೆ ಸುತ್ತಿದಳು. ಕೂಸು ಬಣ್ಣ ಕೇಳಲಿಲ್ಲ. ಬಟ್ಟೆ ಮೆತ್ತಗಿತ್ತು, ನಿದ್ದೆ ಹೋಯಿತು.